ಕಟ್ಟಬ್ಯಾಡ್ರಿ

ಹಾಲುಣಿಸಲು ಹಾಕಿದ್ದ ಮೂಗಿನ ಪೈಪನ್ನು ಕಮಲಾಬಾಯಿ ಮೂರನೆಯ ಸಲ ಕಿತ್ತೆಸೆದಾಗ ಸಿಸ್ಟರ್ ಮಹಾನಂದಾ ಬ್ಯಾಂಡೇಜಿನ ಪಟ್ಟಿ ತಂದು ಮುದುಕಿಯ ಎರಡೂ ಮುಂಗೈಗಳನ್ನು ಮಂಚದ ಸರಳಿಗೆ ಕಟ್ಟಿದಳು. ಐಸಿಯುವಿನ ಗಾಜಿನ ಬಾಗಿಲಾಚೆ ನಿಂತಿದ್ದ ಸೊಸೆ ಭಾವನಾ ಅದನ್ನು ನೋಡಿದಳು. ರಾಮದುರ್ಗದ ಹುಡುಗಿಯರಿಗೆ ಮೂವತ್ತು ವರ್ಷ ಹೊಲಿಗೆ ಕಲಿಸಿದ ಕೈಗಳು ಆ ಕಟ್ಟಿನೊಳಗೆ ಒದ್ದಾಡುತ್ತಿದ್ದವು. ಅವಳು ಯಾರನ್ನೂ ಕೇಳದೆ ಬಾಗಿಲು ತಳ್ಳಿ ಒಳಗೆ ಹೋದಳು.

"ಬಿಚ್ಚರಿ ಸಿಸ್ಟರ್. ನಾ ಹಿಡಕೊಂಡು ಕೂಡತೇನಿ."

"ಎಷ್ಟೊತ್ತು ಹಿಡೀತೀರಿ ಅಕ್ಕಾರ?"

"ಶಾಂತ ಆಗೂತನಾ."

ಡಾಕ್ಟರು ಬಂದರು. ತಲೆಯೊಳಗೆ ರಕ್ತಸ್ರಾವವಾಗಿ ಅಂದಿಗೆ ಆರು ದಿನ. ರಕ್ತ ನಿಂತಿದೆ, ಬುದ್ಧಿ ಮಾತ್ರ ದಾರಿ ತಪ್ಪಿದೆ. ಇದು ಹುಚ್ಚಲ್ಲ, ಇಂಥ ರೋಗಿಗಳಲ್ಲಿ ಅನೇಕರಿಗೆ ಹೀಗಾಗುತ್ತದೆ, ಕೆಲವು ದಿನಗಳಲ್ಲಿ ಇಳಿಯಬಹುದು ಎಂದರು. ನಿದ್ದೆಯ ಇಂಜೆಕ್ಷನ್ ಹೆಚ್ಚು ಮಾಡಿದರೆ ಮೆದುಳು ಚೇತರಿಸಿಕೊಳ್ಳುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಟ್ಟಿದರೆ ಇನ್ನಷ್ಟು ಕೆರಳುತ್ತಾರೆ. ಹಗಲು ಹೊತ್ತು ಮನೆಯವರೊಬ್ಬರು ಪಕ್ಕದಲ್ಲಿರಲಿ, ನೋಡೋಣ ಎಂದು ಒಪ್ಪಿದರು. ಮಹಾನಂದಾ ಪಟ್ಟಿ ಬಿಚ್ಚುತ್ತಲೇ ಹೇಳಿಕೊಟ್ಟಳು: ಮೊದಲು ಕಣ್ಣಿಗೆ ಚಾಳೀಸು ಹಾಕಬೇಕು, ಇಲ್ಲದಿದ್ದರೆ ಎಲ್ಲವೂ ದೆವ್ವದ ಹಾಗೆ ಕಾಣುತ್ತದೆ. ಯಾವ ಊರು, ಯಾವ ವಾರ, ಎದುರಿಗಿರುವವರು ಯಾರು ಎಂದು ಮೆಲ್ಲಗೆ ಹೇಳುತ್ತಿರಬೇಕು. ಏನಂದರೂ ವಾದಕ್ಕೆ ಇಳಿಯಬಾರದು.

ಭಾವನಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಒಂದೇ ಲೆಕ್ಕವನ್ನು ಹತ್ತು ಸಲ ಹೇಳುವುದು ಅವಳಿಗೆ ಹೊಸದಲ್ಲ. "ಅತ್ಯಾರ, ಇದು ಬೆಳಗಾವಿ ದವಾಖಾನಿ. ಇವತ್ತ ಬುಧವಾರ. ನಾ ಭಾವನಾ." ಅತ್ತೆ ಅವಳನ್ನು ಒಮ್ಮೆ ಕಳ್ಳಿ ಎಂದರು, ಒಮ್ಮೆ ಎಂದೋ ತೀರಿಕೊಂಡ ತಂಗಿಯ ಹೆಸರು ಹಿಡಿದು ಕರೆದರು. ಮರಾಠಿ ಕನ್ನಡ ಬೆರೆಸಿ ಬೈದರು. ಗೋಡೆಯಿಂದ ನೀರು ಇಳಿಯುತ್ತಿದೆ ಎಂದು ಮಂಚ ಬಿಟ್ಟು ಏಳಲು ನೋಡಿದರು. ಭಾವನಾ ಕೈ ಬಿಡಲಿಲ್ಲ. ಸಂಜೆ ಹೊರಗೆ ಬಂದಾಗ ಅವಳ ಮೊಣಕೈವರೆಗೂ ಉಗುರಿನ ಗೀರುಗಳಿದ್ದವು.

ಮರುದಿನ ಮಧ್ಯಾಹ್ನ ಕಮಲಾಬಾಯಿ ಹೊರಳಾಟ ನಿಲ್ಲಿಸಿ ಸೊಸೆಯನ್ನು ದಿಟ್ಟಿಸಿ ನೋಡಿದರು. ಗುರುತು ಹತ್ತಿತೆಂದು ಅವಳು ಮುಂದಕ್ಕೆ ಬಾಗಿದಳು.

"ಕಾಗದಕ್ಕ ನನ್ನ ಮಗನ್ನ ನೀರಿಗೆ ಕಳಿಸಿದಿ," ಅಂದರು ಅತ್ತೆ.

ಐದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯನ್ನು ಉಕ್ಕಿಸಿ ಊರೊಳಗೆ ನುಗ್ಗಿದ ದಿನ, ಅವರೆಲ್ಲ ಎತ್ತರದಲ್ಲಿದ್ದ ಶಾಲೆಗೆ ಬಂದು ಸೇರಿದ್ದರು. ಭಾವನಾಳ ಸರ್ಟಿಫಿಕೇಟುಗಳು ಮನೆಯ ಅಟ್ಟದ ಮೇಲೆಯೇ ಉಳಿದಿದ್ದವು. ಮುಂದಿನ ವಾರ ನೌಕರಿಗೆ ಅವನ್ನು ತೋರಿಸಬೇಕಿತ್ತು. ಗಂಡ ಅನಿಕೇತ ತರಲು ಹೋದ. ಕಾಗದಗಳ ಚೀಲವನ್ನು ಪಕ್ಕದ ಮಾಳಿಗೆಗೆ ಎಸೆದಿದ್ದ, ಅದು ಅವತ್ತೇ ಸಿಕ್ಕಿತು. ಅವನು ಸಿಕ್ಕಿದ್ದು ಎರಡು ದಿನ ಬಿಟ್ಟು. ಆ ಕಾಗದಗಳಿಂದಲೇ ಅವಳಿಗೆ ನೌಕರಿಯಾಯಿತು, ಆ ನೌಕರಿಯಿಂದಲೇ ಮನೆ ನಡೆಯಿತು. ಅತ್ತೆ ಸೊಸೆ ಎದುರುಬದುರು ಕೂತು ಉಣ್ಣುತ್ತಿದ್ದರು. ಬಂದವರು ಯಾರಾದರೂ ಅನಿಕೇತನ ಮಾತು ತೆಗೆದರೆ ಒಬ್ಬರು ಅಡುಗೆಮನೆಗೆ, ಒಬ್ಬರು ಹಿತ್ತಲಿಗೆ ಎದ್ದು ಹೋಗುತ್ತಿದ್ದರು.

ಭಾವನಾಳ ಹಿಡಿತ ಸಡಿಲಾಯಿತು. ಅಷ್ಟೇ ಸಾಕಾಯಿತು, ಪೈಪು ಹೊರಗೆ ಬಂತು, ಅದರೊಳಗಿನ ಹಾಲು ಹಾಸಿಗೆಯ ಮೇಲೆಲ್ಲ ಚೆಲ್ಲಿತು. ಮಹಾನಂದಾ ಓಡಿಬಂದಳು. ಅವಳ ಕೈಯಲ್ಲಿ ಪಟ್ಟಿ ಇತ್ತು.

"ರೋಗ ಮಾತಾಡತೈತಿ ಅಕ್ಕಾರ, ಅವರಲ್ಲ. ನೀವು ಹೊರಗ ಹೋಗಿ ಒಂದೀಟು ಚಾ ಕುಡೀರಿ."

ದನಿ ರೋಗದ್ದು, ಮಾತು ಅತ್ತೆಯದೇ ಎಂದು ಭಾವನಾಳಿಗೆ ಗೊತ್ತಿತ್ತು. ಎದ್ದು ಹೋಗಿದ್ದರೆ ಯಾರೂ ಅವಳದು ತಪ್ಪು ಎನ್ನುತ್ತಿರಲಿಲ್ಲ. ಅವಳು ತೋಳಿನಿಂದ ಮುಖ ಒರೆಸಿಕೊಂಡು, ಹಾಲಿನಿಂದ ಅಂಟಾಗಿದ್ದ ಆ ಕೈಗಳನ್ನು ಮತ್ತೆ ಹಿಡಿದಳು.

"ಕಟ್ಟಬ್ಯಾಡ್ರಿ. ಇನ್ನ ಬಿಡೂದಿಲ್ಲ."

ಶುಕ್ರವಾರ ಅತ್ತೆ ಅದೇ ಮಾತನ್ನು ನಾಲ್ಕು ಸಲ ಅಂದರು. ನಾಲ್ಕು ಸಲವೂ ಅವಳು ಊರು, ವಾರ, ತನ್ನ ಹೆಸರು ಹೇಳಿದಳು. ಶನಿವಾರ ಬೈಗುಳ ಕಡಿಮೆಯಾಗಿ ನಿದ್ದೆ ಹೆಚ್ಚಾಯಿತು. ರವಿವಾರ ಬೆಳಿಗ್ಗೆ ಕಮಲಾಬಾಯಿ ಕಣ್ಣು ತೆರೆದು ಅತ್ತಿತ್ತ ನೋಡಿದರು. "ಭಾವನಾ, ಸಾಲಿಗೆ ರಜಾ ಹಾಕೀ ಏನು?" ಎಂದು ಕೇಳಿದರು. ನಾಲಿಗೆ ತೊಡರುತ್ತಿತ್ತು, ಆದರೆ ಮಾತು ನೆಟ್ಟಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಸೊಸೆಯ ಮುಖ ನೋಡುತ್ತ ಕೇಳಿದರು:

"ನಾ ಏನರ ಅಂದೆನೇನು?"

ಇಂಥವರಿಗೆ ಏನೂ ನೆನಪಿರುವುದಿಲ್ಲ, ಇಲ್ಲ ಅಂದುಬಿಡಿ ಎಂದು ಮಹಾನಂದಾ ಕಣ್ಣಲ್ಲೇ ಸನ್ನೆ ಮಾಡಿದಳು. ಭಾವನಾ ಅವಳ ಕಡೆ ನೋಡಲಿಲ್ಲ.

"ಅಂದ್ರಿ. ನಿಮ್ಮ ಮಗನ ಮಾತು. ಆರಾಮಾಗಿ ಮನಿಗೆ ಹೋದಮ್ಯಾಲೆ ಇನ್ನೊಮ್ಮೆ ಅನ್ನರಿ. ಆವಾಗ ಉತ್ತರ ಕೊಡತೇನಿ."

ಕಮಲಾಬಾಯಿ ಸೊಸೆಯ ಕೈಮೇಲಿನ ಗೀರುಗಳನ್ನು ಬೆರಳಿನಿಂದ ಸವರಿದರು.

"ಐದು ವರ್ಷ ಒಳಗ ಇಟಗೊಂಡಽ ತಲಿ ಒಡೀತು," ಎಂದರು. "ಮನಿಗೆ ಹೋಗೂತನಾ ಯಾಕ? ಈಗಽ ಹೇಳು."

ಭಾವನಾ ಸ್ಟೂಲನ್ನು ಮಂಚಕ್ಕೆ ತಾಗಿಸಿ ಎಳೆದುಕೊಂಡಳು.

"ಹೌದ್ರಿ ಅತ್ಯಾರ. ಅವತ್ತ ನಿಮ್ಮ ಮಗ ಬ್ಯಾಡ ಅಂದಿದ್ರು. ನಾನಽ ಕಳಿಸಿದ್ದೆ."