ರಂಗೋಲಿ ಹಾಕದ ಬಾಗಿಲು

ಬಾಲ್ಕನಿಯ ಗಿಡಕ್ಕೆ ಹಾಕಿದ ನೀರು ಕಾದ ಸಿಮೆಂಟಿನ ಮೇಲೆ ಚೆಲ್ಲಿ ಆ ವಾಸನೆ ಎದ್ದರೆ, ನಾನು ಈಗಲೂ ಕಾಲು ಹಿಂದಕ್ಕೆಳೆದುಕೊಳ್ಳುತ್ತೇನೆ.

ಮೈಸೂರಿನಿಂದ ಅಜ್ಜಿ, ಅಪ್ಪನ ಅಮ್ಮ, ನಮ್ಮಲ್ಲಿಗೆ ಬಂದಿದ್ದ ಬೇಸಿಗೆ. ಅಪ್ಪ ನಮ್ಮನ್ನು ನಾವಿದ್ದ ಡಚ್ ನಗರ ಐಂಡ್‌ಹೋವನ್‌ನಿಂದ ದೂರದ ಹಳ್ಳಿಯೊಂದರ ಕ್ಯಾಂಪಿಂಗ್ ತಾಣಕ್ಕೆ ರಜೆಗೆಂದು ಕರೆದುಕೊಂಡು ಹೋಗಿದ್ದರು. ಪೈನ್ ಮರಗಳ ನಡುವೆ ಹಳೆಯ ಕಾಂಕ್ರೀಟ್ ನೆಲ, ಅದರ ಮೇಲೆ ಸಾಲಾಗಿ ಗಾಲಿಯ ಪುಟ್ಟ ಮನೆಗಳಂಥ ಕ್ಯಾರವಾನ್‌ಗಳು. ಮಟಮಟ ಮಧ್ಯಾಹ್ನ. ನಾಲ್ಕು ದಿನ ಇದ್ದರೂ ಮನೆ ಮನೆಯೇ ಎಂದು ಅಜ್ಜಿ ನಮ್ಮ ಕ್ಯಾರವಾನಿನ ಬಾಗಿಲ ಮುಂದೆ ಒಂದು ಬಕೆಟ್ ನೀರು ಸುರಿದು, ರಂಗೋಲಿ ಡಬ್ಬಿ ಹಿಡಿದುಕೊಂಡು, ನೆಲ ಆರಲೆಂದು ಕಾಯುತ್ತಾ ನಿಂತರು.

ನೆಲ ಆರುತ್ತಾ ಬಂದಂತೆ ಗೆರೆಗಳು ಮೂಡಿದವು. ಒಂದರ ಪಕ್ಕ ಒಂದು, ಕುಂಟೆಬಿಲ್ಲೆಯ ಮನೆಗಳ ಹಾಗೆ.

“ಏನೋ ಇದು?” ಅಜ್ಜಿ ಅಪ್ಪನನ್ನು ಕೇಳಿದರು.

“ಎರಡನೇ ಮಹಾಯುದ್ಧದ ಟೈಮಲ್ಲಿ ಇಲ್ಲಿ ಕೈದಿಗಳನ್ನ ಇಟ್ಟಿದ್ರಂತಮ್ಮ. ಕೆಡವಿದ ರೂಮುಗಳ ಗುರುತಿರಬೇಕು.”

“ಒಂದು ದನ ಕಟ್ಟೋಕೂ ಜಾಗ ಸಾಲಲ್ವಲ್ಲೋ!”

ಅಷ್ಟರಲ್ಲಿ ನಾನು ಆಟಕ್ಕೆಂದು ಆ ಗೆರೆಗಳ ಒಂದು ಮನೆಯೊಳಗೆ ಅಂಗಾತ ಮಲಗಿದ್ದೆ. ಅಷ್ಟು ಬಿಸಿಲಿದ್ದರೂ ಬೆನ್ನಿಗೆ ತಣ್ಣಗೆ ಕೊರೆಯಿತು. ಎಂದೂ ಗದರದ ಅಜ್ಜಿ “ಏಳು ಮೇಲೆ!” ಎಂದು ಕಿರುಚಿ, ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿದರು. ಆಮೇಲೆ ರಂಗೋಲಿ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದರು.

“ಯಾಕಮ್ಮ, ಹಾಕಲ್ವಾ?” ಎಂದರು ಅಪ್ಪ.

“ಸಾವಾದ ಮನೆ ಮುಂದೆ ರಂಗೋಲಿ ಹಾಕ್ತಾರೇನೋ?”

ನಾನು ಹಿಂತಿರುಗಿ ನೋಡಿದೆ. ನೆಲವೆಲ್ಲ ಒಣಗಿ ಬೆಳ್ಳಗಾಗಿತ್ತು. ನಾನು ಮಲಗಿದ್ದ ಕಡೆ ಮಾತ್ರ ಒಂದು ಆಕಾರ ಇನ್ನೂ ಒದ್ದೆಯಾಗಿತ್ತು. ಅದು ನನಗಿಂತ ಒಂದು ಗೇಣು ಉದ್ದವಿತ್ತು.