ನಾಲ್ಕು ಕೆಂಪು ಉಗುರು

ಬೆನಿತೋ ಎಸೆದ ಚೆಂಡು ಗುಂಡಿನಂತೆ ಬಂದು, ಬ್ಯಾಟುಗಾರನ ಹಿಂದೆ ಕೂತಿದ್ದ ಕ್ಯಾಚರ್ ಲೈಲ್ ಪೊಮೆರಾಯ್‌ನ ಹೆಗಲಿಗೆ ಬಡಿದು ಅವನ ಕಾಲಬುಡದಲ್ಲೇ ಬಿತ್ತು. ದೇವರು ದೊಡ್ಡವನು. ಹಿಂದಕ್ಕೆ ಉರುಳಿದ್ದರೆ, ಮೂರನೇ ಬೇಸಿನಲ್ಲಿ ತುದಿಗಾಲ ಮೇಲೆ ನಿಂತಿದ್ದ ಎದುರಾಳಿ ಓಡಿಬಂದು ಪಂದ್ಯವನ್ನು ಸಮ ಮಾಡಿಬಿಡುತ್ತಿದ್ದ. ಬೇಸ್‌ಬಾಲ್ ಆಟದ ಕೊನೆ, ಇವರ ತಂಡಕ್ಕೆ ಒಂದೇ ರನ್ನಿನ ಮುನ್ನಡೆ. ಬ್ಯಾಟು ಹಿಡಿದವನು ಇನ್ನೊಂದೇ ಒಂದು ಚೆಂಡು ತಪ್ಪಿದರೆ ಗೆಲುವು.

ಲೈಲ್ ಹೆಗಲು ತಿಕ್ಕುತ್ತ ಬೆನಿತೋ ಬಳಿಗೆ ನಡೆದ. "ತಿರುಗೋ ಚೆಂಡು ಹಾಕು ಅಂತ ಎರಡು ಬೆರಳು ತೋರಿಸಿದ್ರೆ ನೆಟ್ಟಗೆ ಬಿಟ್ಟೆಯಲ್ಲೋ ಮಾರಾಯಾ!"

"ಎರಡಾ? ನಂಗೆ ಒಂದೇ ಕಂಡಿದ್ದು ತಾತಾ. ನಾನು ಬಿಸಿಲಲ್ಲಿದ್ದೀನಿ, ನಿನ್ನ ಮೇಲೆ ಸ್ಟ್ಯಾಂಡಿನ ನೆರಳು. ಬಾವಿಯೊಳಗೆ ಇಣುಕಿದ ಹಾಗಿದೆ."

ಲೈಲ್ ತನ್ನ ಬೋಳು ಉಗುರುಗಳನ್ನು ನೋಡಿಕೊಂಡ. ಹದಿನೆಂಟು ವರ್ಷ ಬಸ್ಸಿನಲ್ಲಿ ಊರೂರು ಸುತ್ತಿ ಸಣ್ಣ ತಂಡಗಳಿಗೆ ಆಡಿದವನು. ಎಸೆಯುವವನಿಗೆ ಸನ್ನೆ ಕಾಣಲೆಂದು ಪ್ರತಿ ಪಂದ್ಯಕ್ಕೂ ಹೆಂಡತಿ ಒಡೆಟ್ ಅವನ ಉಗುರಿಗೆ ಕೆಂಪು ಬಳಿದು ಕಳಿಸುತ್ತಿದ್ದಳು. ಈ ದಿನ ಮಾತ್ರ ಬೆಳಿಗ್ಗೆ ದೊಡ್ಡ ತಂಡದ ಫೋನು ಬಂದು, ಅವನು ಒಬ್ಬನೇ ವಿಮಾನ ಹತ್ತಿದ್ದ; ಒಡೆಟ್ ಹಿಂದಿನಿಂದ ಕಾರಿನಲ್ಲಿ ಹೊರಟಿದ್ದಳು. ಅಲ್ಲಿನ ಮುಖ್ಯ ಕ್ಯಾಚರ್ ಬೆರಳು ಮುರಿದುಕೊಂಡಿದ್ದರಿಂದ ಅವನಿಗೆ ಕರೆ. ಮೊದಲ ದೊಡ್ಡ ಪಂದ್ಯ. ನಾಳೆ ಬೇರೆ ಯಾರೋ ಬರುತ್ತಾರೆ. ಮೂವತ್ತೇಳು ದಾಟಿ, ಈ ಹುಡುಗರ ಬಾಯಲ್ಲಿ 'ತಾತ' ಆದವನನ್ನು ಮತ್ತೆ ಯಾರು ಕರೆದಾರು?

ಏಟು ತಿಂದ ಕ್ಯಾಚರ್‌ಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಕೊಡುವುದು ಅಂಪೈರ್‌ಗಳ ಹಳೆಯ ಮರ್ಯಾದೆ. ಬಾಯಿಬಿಟ್ಟು ಹೇಳುವುದಿಲ್ಲ, ಬಗ್ಗಿ, ಪುಟ್ಟ ಬ್ರಷ್ಷಿನಿಂದ ಬ್ಯಾಟುಗಾರನ ಮುಂದೆ ನೆಲಕ್ಕೆ ಹುಗಿದ ಬಿಳಿ ಪ್ಲೇಟನ್ನು ಗುಡಿಸುತ್ತಾರೆ, ಧೂಳಿಲ್ಲದಿದ್ದರೂ. ಅಂಪೈರ್ ಗಸ್ ಗುಡಿಸುತ್ತಿದ್ದ.

"ನಿಧಾನಕ್ಕೆ ಗುಡಿಸು ಗಸ್," ಎಂದವನೇ ಲೈಲ್, ಪ್ರೇಕ್ಷಕರ ಮುಂದೆ ಕಟ್ಟಿದ್ದ ಹಿಂದಿನ ಬಲೆಯ ಕಡೆ ಓಡಿದ. "ಒಡೆಟ್! ಬಣ್ಣ!"

ಮಧ್ಯಾಹ್ನವೆಲ್ಲ ಕಾರು ಓಡಿಸಿಕೊಂಡು ಬಂದವಳು ಬಾಟಲಿಯ ಮುಚ್ಚಳ ತೆಗೆದೇ ನಿಂತಿದ್ದಳು. "ಕಿವಿನೂ ಮುರ್ಕೊಂಡಿದ್ದೀಯಾ? ಆಗಿಂದ ಕೂಗ್ತಾ ಇದ್ದೀನಿ!"

ಬಲೆಯ ಕಂಡಿಗಳಲ್ಲಿ ಅವನು ಬೆರಳು ತೂರಿಸಿದ. ಒಂದೊಂದು ಬೆರಳೂ ಒಂದೊಂದು ಊರಿನಲ್ಲಿ ಮುರಿದು, ಆ ಊರಿನ ದಿಕ್ಕಿಗೇ ತಿರುಗಿ ಕೂತಂತಿತ್ತು. "ಮದುಮಗಳು ರೆಡಿ ಆದಳೇನಪ್ಪಾ?" ಯಾರೋ ಕೂಗಿದರು. ಸ್ಟ್ಯಾಂಡೆಲ್ಲ ನಕ್ಕಿತು.

"ಹೆಬ್ಬೆರಳು?" ನಾಲ್ಕು ಉಗುರಿಗೂ ಬಳಿದು ಒಡೆಟ್ ಕೇಳಿದಳು.

"ಅದು ಬೇಡ. ಸನ್ನೆಗೆ ಅದನ್ನ ಯಾರೂ ಕೇಳಲ್ಲ."

"ಇನ್ನೂ ಗುಡಿಸಿದ್ರೆ ಪ್ಲೇಟೇ ಸವೆದುಹೋಗುತ್ತೆ ಕಣೋ!" ಗಸ್ ಗೊಣಗಿದ.

ಲೈಲ್ ಕುಕ್ಕರುಗಾಲಲ್ಲಿ ಕೂತ. ತೊಡೆಗಳ ನಡುವಿನ ಕತ್ತಲಲ್ಲಿ ಎರಡು ಕೆಂಡ ಹೊಳೆದವು. ದೂರದ ಬಿಸಿಲಲ್ಲಿ ಬೆನಿತೋ ತಲೆಯಾಡಿಸಿದ. ಚೆಂಡು ನೆಟ್ಟಗೆ ಬರುವಂತೆ ಬಂದು, ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿ ತಿರುಗಿತು. ಬ್ಯಾಟು ಗಾಳಿಯನ್ನು ಸೀಳಿತು. ಲೈಲ್‌ನ ಕೈಗವಸಿನಲ್ಲಿ ಠಪ್ಪೆಂದು ಸದ್ದಾಯಿತು.

ಬೆನಿತೋ ಓಡಿಬಂದು ತಾತನನ್ನು ಮಗುವಿನಂತೆ ಎತ್ತಿಕೊಂಡ. ಇಡೀ ಮೈದಾನ ಎದ್ದು ನಿಂತು ಕೂಗುತ್ತಿತ್ತು. ಲೈಲ್ ಕುಂಟುತ್ತ ಬಲೆಯ ಬಳಿ ಬಂದು ಕೈಗವಸಿನಿಂದ ಚೆಂಡನ್ನು ತೆಗೆದು, ಬಲೆಯ ಅಡಿಯಿಂದ ಒಡೆಟ್‌ಗೆ ಕೊಟ್ಟ. ಬಿಳಿ ಚೆಂಡಿನ ಮೇಲೆ ನಾಲ್ಕು ಹಸಿ ಕೆಂಪು ಗೀಟು.

"ಒಣಗೋ ತನಕ ಕಾಯೋಕಾಗ್ಲಿಲ್ವಾ ನಿಂಗೆ?" ಎಂದು ಬೈದಳು ಒಡೆಟ್. ಚೆಂಡನ್ನು ಮಾತ್ರ ಒರೆಸಲಿಲ್ಲ.