ಸೊಪ್ಪಿನ ಕೂಗು

ಹಳೆಯ ಡಿಸ್ಕಿನ ತಂತಿಯನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದ್ದೇ ತಡ, ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ? ಸುಗತ ಮೌಸಿನಿಂದ ಕೈ ತೆಗೆದುಬಿಟ್ಟ. ಹೌದು ಎಂದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಇಟ್ಟಿಗೆಯಷ್ಟು ದಪ್ಪದ ಆ ಡಿಸ್ಕು ಮೇಜಿನ ಮೇಲೆ ಸಣ್ಣಗೆ ಗುರುಗುಡುತ್ತಿತ್ತು.

ಒಳಗಿದ್ದದ್ದು ಅವನ ತಾಯಿ ಮುನಿಲಕ್ಷ್ಮಮ್ಮನ ದನಿ. ಹಲಸೂರಿನಿಂದ ಇಂದಿರಾನಗರದವರೆಗೆ ಬುಟ್ಟಿ ಹೊತ್ತು ಸೊಪ್ಪು ಮಾರುತ್ತಿದ್ದವಳು ಆಕೆ. ಕೆಲವು ವರ್ಷಗಳ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಯಿತು. ಚೇತರಿಸಿಕೊಂಡ ಮೇಲೆ ಆಕೆ ಮತ್ತೆ ಬುಟ್ಟಿ ಹೊತ್ತು ಹೋದದ್ದುಂಟು. ಆದರೆ ಕೂಗದ ಸೊಪ್ಪಿನವಳು ಗೇಟಿನ ಹೊರಗೆ ನಿಂತಿರುವುದು ಯಾರಿಗೂ ಗೊತ್ತಾಗಲಿಲ್ಲ. ಬೆಲ್ ಒತ್ತಿದರೆ ಜನ ಸಿಡುಕಿದರು. ಸೊಪ್ಪು ಬುಟ್ಟಿಯಲ್ಲೇ ಬಾಡಿತು. ಕೊನೆಗೆ ಬುಟ್ಟಿಯನ್ನು ಅಟ್ಟಕ್ಕೆ ಹಾಕಿ ಮನೆಯಲ್ಲೇ ಕೂತುಬಿಟ್ಟಳು.

ಡಿಸ್ಕಿನ ವಿಷಯ ಎತ್ತಿದವಳು ಸುಗತನ ಹೆಂಡತಿ ತೇಜಶ್ರೀ. ಆಪರೇಷನ್ ಆದ ಮೇಲೆ ಈ ಮನೆಗೆ ಸೊಸೆಯಾಗಿ ಬಂದ ಅವಳು ಅತ್ತೆಯ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಹಿಂದೆ ಮೈಕು ಪರೀಕ್ಷಿಸಲೆಂದು ಅಮ್ಮನ ಕೂಗನ್ನು ರೆಕಾರ್ಡ್ ಮಾಡಿದ್ದೆ ಎಂದು ಗಂಡ ಯಾವಾಗಲೋ ಹೇಳಿದ್ದನ್ನು ಮರೆತಿರಲಿಲ್ಲ. ಆ ಕಾಲದ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಗಿತ್ತು. ಪುಲಿಕೇಶಿನಗರದ ಸ್ಟುಡಿಯೋವೊಂದರಲ್ಲಿ ಮದುವೆ ಆಲ್ಬಂ ಮಾಡುವ ಸುಗತ ಈಗ ಮನೆಗೊಂದು ಹೊಸದನ್ನು ತಂದಿದ್ದ. ಅದನ್ನು ಜೋಡಿಸಿದ ಭಾನುವಾರ ಮಧ್ಯಾಹ್ನವೇ ತೇಜಶ್ರೀ ಡಿಸ್ಕಿನ ಧೂಳು ಒರೆಸಿ ಅವನ ಮುಂದಿಟ್ಟಳು. ಮುನಿಲಕ್ಷ್ಮಮ್ಮ ಬೇಡವೆಂದು ಕೈಯಾಡಿಸಿದಳು. ಎದ್ದು ಮಾತ್ರ ಹೋಗಲಿಲ್ಲ. ಬುದ್ಧನ ಪಟದ ಕೆಳಗೆ ಗೋಡೆಗೊರಗಿ, ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತಿನ ಮೇಲೆ ಕಟ್ಟಿದ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತ ಕೂತಿದ್ದಳು.

ಸುಗತ ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಮತ್ತದೇ ಪ್ರಶ್ನೆ. ಇಂಥ ಡಿಸ್ಕುಗಳು ಸ್ಟುಡಿಯೋದಲ್ಲಿ ಹೀಗೇ ಕೈಕೊಟ್ಟದ್ದನ್ನು ಅವನು ನೋಡಿದ್ದ. ಇನ್ನು ಬಿಟ್ಟುಬಿಡೋಣ ಎಂದ. ತೇಜಶ್ರೀ ಬಿಡಲಿಲ್ಲ. ತಂತಿಯ ತುದಿ ಸಡಿಲವಾಗಿರುವುದನ್ನು ತೋರಿಸಿ, ಪ್ರಿಂಟರಿನ ತಂತಿ ಇದೇ ಥರದ್ದಲ್ಲವೇ ಎಂದು ಅದನ್ನೇ ಬಿಚ್ಚಿ ತಂದಳು. ಸುಗತ ಬಗ್ಗಿ ಅದನ್ನು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದ. ಈ ಸಲ ಪ್ರಶ್ನೆ ಬರಲಿಲ್ಲ. ಡಿಸ್ಕು ತೆರೆದುಕೊಂಡಿತು. ಅಮ್ಮನ ಕೂಗಿದ್ದ ಫೈಲನ್ನು ಹುಡುಕಿ ಹಾಕಿದ.

ಮೊದಲು ಕೇಳಿಸಿದ್ದು ಅವರಿದ್ದ ಹಳೆಯ ವಠಾರ. ಬಿಂದಿಗೆಗೆ ಬೀಳುವ ನಲ್ಲಿಯ ನೀರು, ಯಾರ ಮನೆಯದೋ ರೇಡಿಯೋ, ಎಲ್ಲೋ ದೂರದಲ್ಲಿ ಆಜಾನ್. ಆಮೇಲೆ ಒಬ್ಬ ಹೆಂಗಸು, "ಮನೇಲಿ ಕೂತ್ಕೊಂಡು ಯಾರಿಗೆ ಕೂಗ್ಲೋ?" ಎಂದಳು. ಗಂಟಲು ಸರಿಮಾಡಿಕೊಂಡು ಕೂಗಿದಳು.

"ಸೊಪ್ಪೂ... ದಂಟೂ... ಮೆಂತ್ಯಾ... ಸಬ್ಬಸಿಗೇ..."

ಗಟ್ಟಿ ಮೈಕಟ್ಟಿನ ಅತ್ತೆಗೆ ತೇಜಶ್ರೀ ಮನಸ್ಸಿನಲ್ಲೇ ಒಂದು ದಪ್ಪ ದನಿ ಕೊಟ್ಟಿದ್ದಳು. ಇದು ತೆಳ್ಳಗಿತ್ತು, ಹುಡುಗಿಯ ದನಿಯಂತೆ. ಒಂದೊಂದು ಸೊಪ್ಪಿನ ಹೆಸರೂ ಕೊನೆಯಲ್ಲಿ ಮೇಲಕ್ಕೇರಿ, ಇಳಿಯಲು ಮನಸ್ಸಿಲ್ಲದೆ ಅಲ್ಲೇ ತೇಲುತ್ತಿತ್ತು. ಮುನಿಲಕ್ಷ್ಮಮ್ಮನ ತುಟಿಗಳೂ ಅದರೊಡನೆ ಆಡುತ್ತಿದ್ದವು. ಮುಗಿದಾಗ ಬೆರಳೆತ್ತಿ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಆಮೇಲೆ ಮತ್ತೊಮ್ಮೆ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಅದು ಯಾವ ವರ್ಷದ ಮಧ್ಯಾಹ್ನವೆಂಬುದೇ ಮೂವರಿಗೂ ಮರೆತಂತಾಯಿತು.

ಅಷ್ಟರಲ್ಲಿ ಹೊರಗಿನಿಂದ ಯಾರೋ, "ಸೊಪ್ಪಮ್ಮಾ, ನಿಂತ್ಕೋ, ಬಂದೆ" ಎಂದರು. ತೇಜಶ್ರೀ ಬಾಗಿಲಿಗೆ ಹೋಗಿ ನೋಡಿದಳು. ಹಿಂದಿನ ಮನೆಯ ಬಾಲಮ್ಮ ಕೈಚೀಲ ಹಿಡಿದು, ಸೊಪ್ಪಿನವಳು ಯಾವ ಕಡೆ ಹೋದಳೆಂದು ಖಾಲಿ ಓಣಿಯಲ್ಲಿ ಹುಡುಕುತ್ತಿದ್ದಳು. ಒಳಗೆ ಮುನಿಲಕ್ಷ್ಮಮ್ಮ ಭುಜ ಕುಲುಕುವಂತೆ ಸದ್ದಿಲ್ಲದೆ ನಕ್ಕಳು. ನಗು ನಿಂತ ಮೇಲೆ ತಲೆಯೆತ್ತಿ ಅಟ್ಟದ ಮೇಲಿನ ಬುಟ್ಟಿಯನ್ನು ನೋಡಿದಳು.

ಅಮ್ಮ ಮತ್ತೆ ಸೊಪ್ಪು ಹೊತ್ತು ಹೋಗುವುದಕ್ಕೆ ಸುಗತ ಒಪ್ಪಲಿಲ್ಲ. ಕುತ್ತಿಗೆಯ ತೂತಿಗೆ ಧೂಳು ಹೋದರೆ ಗತಿಯೇನು ಎಂದ. ತೇಜಶ್ರೀ ಮೆಲ್ಲಗೆ, "ನಾನೂ ಜೊತೇಲಿ ಹೋಗ್ತೀನಿ ರೀ. ಮನೇಲೇ ಕೂತು ಕೂತು ಅತ್ತೆ ಕರಗಿಹೋಗ್ತಿದಾರೆ, ನಿಮಗೆ ಕಾಣಿಸ್ತಿಲ್ವಾ?" ಎಂದಳು. ಮಾರನೆಯ ದಿನ ಸುಗತ ಶಿವಾಜಿನಗರದ ಲತೀಫನ ಅಂಗಡಿಯಿಂದ ಒಂದು ಚೈನಾ ಮೊಬೈಲ್ ತಂದ. ಇಡೀ ಬೀದಿಗೆ ಕೇಳಿಸುವಂಥ ಸ್ಪೀಕರ್ ಅದರದು. ಕೂಗನ್ನು ಅದಕ್ಕೆ ಹಾಕಿ, ಅಮ್ಮನ ಬುಟ್ಟಿಯ ಅಂಚಿಗೆ ತಾನೇ ಕಟ್ಟಿಕೊಟ್ಟ.

ಅದರ ಮರುದಿನ ಬೆಳಿಗ್ಗೆ ಇಂದಿರಾನಗರದಲ್ಲಿ ಇನ್ನೂ ಮಂಜು ಕವಿದಿತ್ತು. ಮುಂದೆ ಮುಂದೆ ಆ ದನಿ, ಅದರ ಹಿಂದೆ ನಿದ್ದೆಯಲ್ಲಿ ನಡೆಯುವವಳಂತೆ ಮುನಿಲಕ್ಷ್ಮಮ್ಮ, ಪಕ್ಕದಲ್ಲಿ ಸೊಸೆ. ಒಂದು ಬಾಗಿಲು ತೆರೆಯಿತು. ಮುಂದಿನ ತಿರುವಿನಲ್ಲಿ ಇನ್ನೊಂದು. ದೊಡ್ಡ ಹೊಂಗೆ ಮರದ ಎದುರಿನ ಮನೆಯ ಮಹಡಿಯಿಂದ ಹಳೆಯ ಗಿರಾಕಿ ಆಂಜನಮ್ಮ ಬಗ್ಗಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ, ದನಿ ಸ್ವಲ್ಪವೂ ಬದಲಾಗಿಲ್ಲವಲ್ಲ ಎಂದು, ಒಂದು ಕಟ್ಟು ಸಬ್ಬಸಿಗೆ ಕೇಳಿದರು. ತೇಜಶ್ರೀ ಬುಟ್ಟಿಯಲ್ಲಿ ಹುಡುಕಿದಳು. ಬೆಳಿಗ್ಗೆ ಮಾರ್ಕೆಟ್ಟಿಗೆ ಸಬ್ಬಸಿಗೆ ಬಂದಿರಲೇ ಇಲ್ಲ. ಇಲ್ಲವೆಂದು ಹೇಳಿದಳು.

"ಈಗಷ್ಟೇ ಕೂಗಿದ್ಯಲ್ಲ ಮುನಿಲಕ್ಷ್ಮಿ, ಸಬ್ಬಸಿಗೆ ಅಂತ. ಇಲ್ದೇ ಇರೋದನ್ನ ಯಾಕೆ ಕೂಗ್ತೀಯ?"

ಮುನಿಲಕ್ಷ್ಮಮ್ಮ ಮೇಲೆ ನೋಡಿ ನಕ್ಕಳು. ಮೊಬೈಲನ್ನು ನಿಲ್ಲಿಸಿ, ಸೊಸೆಯ ಕಡೆ ತಿರುಗಿ ನಿಧಾನವಾಗಿ ತುಟಿಯಾಡಿಸಿದಳು.

"ಅವತ್ತು ಇತ್ತು ಕಣೇ."

ಅತ್ತೆಯ ಮಾತುಗಳನ್ನು ತೇಜಶ್ರೀ ಇಷ್ಟು ದಿನ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಇದು ಅವಳಿಗೆ ಕೇಳಿಸಿತು, ಆ ತೆಳ್ಳನೆಯ ದನಿಯಲ್ಲೇ.